ದಾವಣಗೆರೆಯ ಸೆಕೆಯಲ್ಲೊಂದು ರೀಫ್ ಟ್ಯಾಂಕ್: ಆಷಾಢದಿಂದ ಸಂಕ್ರಾಂತಿವರೆಗಿನ ಕೆಲಸ

ದಾವಣಗೆರೆಯಿಂದ ಸಮುದ್ರಕ್ಕೆ ಹೆಚ್ಚುಕಡಿಮೆ ಇನ್ನೂರು ಕಿಲೋಮೀಟರ್. ಅದೇನು ದೊಡ್ಡ ತೊಂದರೆಯಲ್ಲ, ಸಮುದ್ರದ ಉಪ್ಪು ಬಕೆಟ್ಟಿನಲ್ಲಿ ಕೊರಿಯರ್ ಬರುತ್ತದೆ. ಇಲ್ಲಿ ರೀಫ್ ಟ್ಯಾಂಕ್, ಅಂದರೆ ಸಮುದ್ರದ ಮೀನು, ಹವಳ ಸಾಕುವ ಉಪ್ಪು ನೀರಿನ ಟ್ಯಾಂಕ್ ಇಟ್ಟವರನ್ನು ಸೋಲಿಸುವುದು ಬೇರೆ ಮೂರು: ಏಪ್ರಿಲ್ ತಿಂಗಳ ಬಿಸಿಲು, ಬೋರ್ ನೀರು, ಹೊತ್ತಿಲ್ಲದ ಹೊತ್ತಲ್ಲಿ ಹೋಗುವ ಕರೆಂಟು. ಯಾವ ಮೀನು, ಯಾವ ಹವಳ ಅನ್ನೋದು ಕೊನೆಗೆ ಬರುವ ಮಾತು. ಕೈಯಲ್ಲಿರುವ ದುಡ್ಡಿನಲ್ಲಿ ದೊಡ್ಡ ಪಾಲು ಈ ಮೂರಕ್ಕೆ ಹೋಗಬೇಕು, ಉಳಿದದ್ದರಲ್ಲಿ ಮೀನು. ಅಂಗಡಿಗೆ ಹೋದವರು ಸಾಮಾನ್ಯವಾಗಿ ಇದನ್ನು ಉಲ್ಟಾ ಮಾಡುತ್ತಾರೆ, ಚಂದದ ಮೀನು ಮೊದಲು ತಂದು, ನೀರು ತಣಿಸುವ ಚಿಲ್ಲರ್ ಮುಂದಿನ ವರ್ಷ ನೋಡೋಣ ಅನ್ನುತ್ತಾರೆ. ಆ ಮುಂದಿನ ವರ್ಷದವರೆಗೆ ಮೀನು ಇರುವುದಿಲ್ಲ.

ಆದ್ದರಿಂದ ಕೆಲಸವನ್ನು ಪಂಚಾಂಗಕ್ಕೆ ಕಟ್ಟಿಹಾಕಿ. ಮಳೆಗಾಲ ಹಿಡಿದ ಮೇಲೆ, ಜುಲೈ ಹೊತ್ತಿಗೆ ನೀರು ತುಂಬಿಸಿದರೆ ಮುಂದಿನ ಮಾರ್ಚ್ ಬರುವಷ್ಟರಲ್ಲಿ ಟ್ಯಾಂಕಿಗೆ ಎಂಟು ತಿಂಗಳಾಗಿರುತ್ತದೆ, ಮೊದಲ ಬೇಸಿಗೆಯನ್ನು ತಡೆದುಕೊಳ್ಳುವ ಶಕ್ತಿ ಬಂದಿರುತ್ತದೆ. ಫೆಬ್ರವರಿಯಲ್ಲಿ ಶುರು ಮಾಡಿದರೆ ಎಳೆಯ ಟ್ಯಾಂಕು ಸೀದಾ ಬೆಂಕಿಗೆ ಬಿದ್ದಂತೆ. ಆಷಾಢದಲ್ಲಿ ಹೊಸದೇನೂ ಬೇಡ ಅನ್ನುವ ಹಿರಿಯರು ಮನೆಯಲ್ಲಿದ್ದರೆ ಗಾಜು, ಸ್ಟ್ಯಾಂಡು ಮುಂಚೆಯೇ ತಂದಿಟ್ಟು ಶ್ರಾವಣಕ್ಕೆ ನೀರು ತುಂಬಿಸಿ, ನಷ್ಟವೇನಿಲ್ಲ.

ಗಾಜಿಗೂ ಮುಂಚೆ ಕಾನೂನು

ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಹೊರದೇಶದ ವಿಡಿಯೋ ನೋಡಿ ಆಸೆಪಟ್ಟವರಿಗೆ ಯಾರೂ ಹೇಳಿರುವುದಿಲ್ಲ. ನಮ್ಮ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಒಂದನೇ ಅನುಸೂಚಿಯಲ್ಲಿ (ಷೆಡ್ಯೂಲ್ 1) ಹುಲಿ, ಆನೆಯ ಜೊತೆಗೇ ಗಟ್ಟಿ ಹವಳಗಳೂ ಇವೆ. 2001ರಲ್ಲಿ ಇವನ್ನು ಸೇರಿಸಲಾಯಿತು: ಸುಣ್ಣದ ಅಸ್ಥಿಪಂಜರ ಕಟ್ಟುವ ಎಲ್ಲ ಹವಳ, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಬೀಸಣಿಗೆಯ ಹಾಗಿರುವ ಸೀ ಫ್ಯಾನ್. ಸಮುದ್ರ ಕುದುರೆ, ಕಡಲ ಸೌತೆ, ಒಂದೆರಡು ಜಾತಿಯ ದೈತ್ಯ ಕಪ್ಪೆಚಿಪ್ಪು ಕೂಡ ಇದೇ ಕಾಯ್ದೆಯ ಪಟ್ಟಿಗಳಲ್ಲಿವೆ. ತಪ್ಪಿದರೆ ಮೂರರಿಂದ ಏಳು ವರ್ಷ ಜೈಲು. ಸತ್ತ ಹವಳದ ತುಂಡಿಗೂ ಇದೇ ಕಾನೂನು. ಹಾಗಾಗಿ ಅಕ್ರೊಪೊರಾ, ಬ್ರೈನ್ ಕೋರಲ್, ಟಾರ್ಚ್, ಹ್ಯಾಮರ್ ಇತ್ಯಾದಿ ಗಟ್ಟಿ ಹವಳದ ಹೆಸರು ಹೇಳಿ ವಾಟ್ಸಾಪಿನಲ್ಲಿ ಫೋಟೊ ಕಳಿಸುವವರ ಹತ್ತಿರ ವ್ಯವಹಾರವೇ ಬೇಡ.

ಮುರುಡೇಶ್ವರಕ್ಕೆ ಹೋದಾಗ ನೇತ್ರಾಣಿ ಸುತ್ತ ಡೈವಿಂಗ್ ಮಾಡಿ ಬನ್ನಿ, ಅಲ್ಲಿ ಹವಳ ಇವೆ, ಕಣ್ತುಂಬ ನೋಡಿ. ಒಂದು ಕಲ್ಲನ್ನೂ ಚೀಲಕ್ಕೆ ಹಾಕಬೇಡಿ.

ಹಾಗಾದರೆ ಉಳಿದದ್ದೇನು? ಬಹಳ ಇದೆ. ಲೆದರ್, ಕೀನ್ಯಾ ಟ್ರೀ, ಕ್ಸೀನಿಯಾದಂತಹ ಮೆತ್ತನೆಯ ಹವಳಗಳು, ಮಶ್ರೂಮ್, ಜೋಆಂಥಿಡ್. ಇವುಗಳ ಹೆಸರು ಆ ಪಟ್ಟಿಯಲ್ಲಿಲ್ಲ. ಕೊಳ್ಳುವಾಗ ಬಿಲ್ಲು, ಆಮದು ಆದದ್ದಾದರೆ ಅದರ ದಾಖಲೆಯ ನಕಲು ಕೇಳಿ ಇಟ್ಟುಕೊಳ್ಳಿ. ನನ್ನ ಅಭಿಪ್ರಾಯ ಕೇಳಿದರೆ ಕಾನೂನಿನ ಈ ಬೇಲಿ ನಮ್ಮೂರಿನವರಿಗೆ ಉಪಕಾರವನ್ನೇ ಮಾಡಿದೆ. ಗಟ್ಟಿ ಹವಳಕ್ಕೆ ಕ್ಯಾಲ್ಸಿಯಂ, ಆಲ್ಕಲಿನಿಟಿ (ನೀರಿನ ಕ್ಷಾರಗುಣ) ದಿನಾ ತೊಟ್ಟು ತೊಟ್ಟಾಗಿ ಕೊಡಬೇಕು, ಒಂದು ಡಿಗ್ರಿ ಉಷ್ಣತೆ ಹೆಚ್ಚಾದರೂ ಬಿಳಿಚಿಕೊಳ್ಳುತ್ತವೆ. ಮೆತ್ತನೆಯವು ಸಣ್ಣಪುಟ್ಟ ಏರುಪೇರನ್ನು ಸಹಿಸುತ್ತವೆ, ನೀರಿನ ಅಲೆಗೆ ಓಲಾಡುವ ಚಂದವೂ ಅವುಗಳದ್ದೇ.

ಟ್ಯಾಂಕು, ಸ್ಟ್ಯಾಂಡು, ಜಾಗ

ಮೊದಲ ಟ್ಯಾಂಕಿಗೆ 36 ಇಂಚು ಉದ್ದ, 18 ಅಗಲ, 18 ಎತ್ತರ ಒಳ್ಳೆಯ ಅಳತೆ. 190 ಲೀಟರ್ ಹಿಡಿಯುತ್ತದೆ. ಇದಕ್ಕಿಂತ ಚಿಕ್ಕದು ಅಗ್ಗ ನಿಜ, ಆದರೆ ನೀರು ಕಡಿಮೆ ಇದ್ದಷ್ಟೂ ಬಿಸಿಯೂ ಬೇಗ ಏರುತ್ತದೆ, ಉಪ್ಪಿನಂಶವೂ ಬೇಗ ಏರುತ್ತದೆ. ಕೆಳಗೆ ಫಿಲ್ಟರ್, ಪಂಪು ಇಡಲು 24 ಇಂಚಿನ ಇನ್ನೊಂದು ಟ್ಯಾಂಕ್, ಅಂದರೆ ಸಂಪ್ ಇಟ್ಟರೆ ಕಲ್ಲು, ಮರಳಿನ ಜಾಗ ಕಳೆದು ಒಟ್ಟು ನೀರು ಸುಮಾರು 200 ಲೀಟರ್ ಆಗುತ್ತದೆ. ಮುಂದಿನ ಲೆಕ್ಕವೆಲ್ಲ ಈ 200ಕ್ಕೇ.

ಗಾಜನ್ನು ಊರಲ್ಲೇ ಮಾಡಿಸಬಹುದು. ಗಾಜಿನ ಅಂಗಡಿಯವರು "ಎಂಟು ಎಂಎಂ ಸಾಕ್ ಬಿಡ್ರಿ ಸಾರ್, ಏನಾಗಲ್ಲ" ಅನ್ನುತ್ತಾರೆ. ಮೇಲ್ಗಡೆ ಪಟ್ಟಿ ಕೊಡಿಸುವುದಾದರೆ 10 ಎಂಎಂ, ಪಟ್ಟಿ ಬೇಡವೆಂದರೆ 12. ಅಂಟಿನ ವಿಷಯದಲ್ಲಿ ಎದುರು ನಿಂತು ಟ್ಯೂಬಿನ ಮೇಲೆ ಬರೆದಿರುವುದನ್ನು ಓದಿ: ಬಾತ್‌ರೂಮಿಗೆ ಬಳಸುವ, ಬೂಷ್ಟು ಹಿಡಿಯದ ಔಷಧಿ ಸೇರಿಸಿದ ಸಿಲಿಕೋನ್ ಆಗದು. ಆ ಔಷಧಿ ನೀರಿಗೆ ಬಿಟ್ಟುಕೊಂಡು ಜೀವಗಳನ್ನು ಕೊಲ್ಲುತ್ತದೆ. ಅಕ್ವೇರಿಯಂ ಸಿಲಿಕೋನ್ ಅಂತ ಬರೆದಿರುವುದೇ ಆಗಬೇಕು. ಮಾಡಿ ಒಂದು ವಾರ ಒಣಗಿದ ಮೇಲೆ ಬಾಲ್ಕನಿಯಲ್ಲೋ ಅಂಗಳದಲ್ಲೋ ಮಾಮೂಲಿ ನೀರು ತುಂಬಿಸಿ ಎರಡು ಮೂರು ದಿನ ಬಿಡಿ. ಒಣ ಪೇಪರಿನ ಮೇಲೆ ಇಟ್ಟರೆ ಎಲ್ಲಿ ಜಿನುಗುತ್ತದೆ ಅಂತ ಪೇಪರೇ ಹೇಳುತ್ತದೆ.

ನೀರು, ಗಾಜು, ಕಲ್ಲು, ಸಂಪು ಎಲ್ಲ ಸೇರಿ 300 ಕೆಜಿ ಹತ್ತಿರ. ವೆಲ್ಡಿಂಗ್ ಅಂಗಡಿಯಲ್ಲಿ ಚೌಕ ಪೈಪಿನ ಸ್ಟ್ಯಾಂಡ್ ಮಾಡಿಸಿ ಪೌಡರ್ ಕೋಟಿಂಗ್ ಕಡ್ಡಾಯ ಮಾಡಿಸಿ, ಉಪ್ಪು ನೀರಿನ ಹನಿ ಬರೀ ಪೇಂಟನ್ನು ಒಂದು ವರ್ಷದಲ್ಲಿ ತಿಂದುಹಾಕುತ್ತದೆ. ಮೇಲೆ ಪ್ಲೈವುಡ್, ಅದರ ಮೇಲೆ ಅರ್ಧ ಇಂಚಿನ ಥರ್ಮೊಕೋಲ್. ಸ್ಪಿರಿಟ್ ಲೆವೆಲ್ ಇಟ್ಟು ನಾಲ್ಕೂ ಕಡೆ ಮಟ್ಟ ನೋಡಿ. ಜಾಗ ಗೋಡೆಗೆ ಒತ್ತಿ, ಪಶ್ಚಿಮದ ಕಿಟಕಿಯಿಂದ ದೂರ. ಮೇಲ್ಮಹಡಿಯ ಆರ್‌ಸಿಸಿ ಛಾವಣಿಯ ಕೆಳಗಿನ ಕೋಣೆಗಿಂತ ಕೆಳಮನೆಯ ಹಾಲ್ ಎಷ್ಟೋ ವಾಸಿ. ಅಡುಗೆಮನೆಯ ಒಗ್ಗರಣೆ ಹೊಗೆ, ದೇವರ ಮನೆಯ ಧೂಪ ತಾಗದ ಕಡೆ ಇರಲಿ. ಇನ್ನೊಂದು ಮಾತು: ಆ ಕೋಣೆಯಲ್ಲಿ ಸೊಳ್ಳೆ ಬತ್ತಿ, ಸೊಳ್ಳೆ ಲಿಕ್ವಿಡ್, ಜಿರಳೆ ಸ್ಪ್ರೇ ಮೂರೂ ನಿಷಿದ್ಧ. ಇವುಗಳಲ್ಲಿರುವ ಪೈರೆಥ್ರಾಯ್ಡ್ ಜಾತಿಯ ವಿಷ ಮೀನಿಗೂ ಸೀಗಡಿಗೂ ಅತಿ ಮಾರಕ, ಗಾಳಿಗುಳ್ಳೆ ಬಿಟ್ಟು ಕೊಳೆ ತೆಗೆಯುವ ಸ್ಕಿಮ್ಮರ್ ಕೋಣೆಯ ಗಾಳಿಯನ್ನು ಎಳೆದೆಳೆದು ನೀರಿಗೆ ಸೇರಿಸುತ್ತಲೇ ಇರುತ್ತದೆ. ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿ, ಮುಗಿಯಿತು.

ನೀರು: ಟಿಡಿಎಸ್ ಸೊನ್ನೆ ಅಂದರೆ ಸೊನ್ನೆ

ದಾವಣಗೆರೆಯಲ್ಲಿ ನಲ್ಲಿಗೆ ಹೊಳೆ ನೀರು ಬರುತ್ತದೆ, ಕುಂದವಾಡ ಕೆರೆಯಲ್ಲಿ ಶೇಖರಿಸಿ ಶುದ್ಧಮಾಡಿ ಬಿಟ್ಟದ್ದು. ಮನೆಯ ಬೋರಿನದ್ದು ಗಡಸು ನೀರು. ಚಿತ್ರದುರ್ಗದ ಕಡೆಯಾದರೆ ಶಾಂತಿಸಾಗರದ ನೀರು ಬರುವ ದಿನ ಒಂದು ಲೆಕ್ಕ, ಬೋರ್ ನೀರಿನ ದಿನ ಇನ್ನೊಂದು ಲೆಕ್ಕ. ಆ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರುಗಳು ಬಹಳ. ಎರಡನ್ನೂ ನೇರವಾಗಿ ಬಳಸುವ ಹಾಗಿಲ್ಲ. ನಲ್ಲಿ ನೀರಿನ ಕ್ಲೋರಿನ್, ಬೋರಿನ ಸಿಲಿಕೇಟ್, ನೈಟ್ರೇಟ್ ಎಲ್ಲ ಪಾಚಿಗೆ ಗೊಬ್ಬರ ಅಥವಾ ಜೀವಕ್ಕೆ ವಿಷ.

ಮನೆಯಲ್ಲಿರುವ ಕುಡಿಯುವ ನೀರಿನ ಆರ್‌ಒ ಸಾಲದೇ ಅಂತ ಎಲ್ಲರೂ ಕೇಳುತ್ತಾರೆ. ಸಾಲದು, ಎರಡು ಕಾರಣಕ್ಕೆ. ಅದರಲ್ಲಿ ರುಚಿಗೆಂದು ಸ್ವಲ್ಪ ಹಸಿ ನೀರನ್ನು ವಾಪಸ್ ಬೆರೆಸುವ ಟಿಡಿಎಸ್ (ನೀರಲ್ಲಿ ಕರಗಿರುವ ಲವಣದ ಅಳತೆ) ಕಂಟ್ರೋಲರ್ ಇರುತ್ತದೆ. ಇನ್ನೂ ಅಪಾಯದ್ದು, ಈಗೀಗ ಬರುವ ಮಾದರಿಗಳಲ್ಲಿ ಆರೋಗ್ಯಕ್ಕೆ ಒಳ್ಳೆಯದೆಂದು ತಾಮ್ರ ಸೇರಿಸುವ ಕಾರ್ಟ್ರಿಜ್. ನಮಗೆ ಒಳ್ಳೆಯದಿರಬಹುದು, ಬಸವನಹುಳು, ಸೀಗಡಿ, ಹವಳಕ್ಕೆ ತಾಮ್ರ ಅತಿ ಕಡಿಮೆ ಪ್ರಮಾಣದಲ್ಲೂ ಮಾರಕ. ತಾಮ್ರದ ಕೊಡ, ತಾಮ್ರದ ಪೈಪು ಯಾವುದೂ ಈ ನೀರಿನ ಹತ್ತಿರ ಸುಳಿಯಬಾರದು.

ಬೇಕಾದದ್ದು ಸೆಡಿಮೆಂಟ್ ಫಿಲ್ಟರ್, ಕಾರ್ಬನ್ ಫಿಲ್ಟರ್, ಮೆಂಬ್ರೇನ್, ಕೊನೆಯಲ್ಲಿ ಉಳಿದ ಲವಣ ಹೀರುವ ಡಿಐ ರೆಸಿನ್ ಹರಳು ಇರುವ ಸೆಟ್ಟು. ಮೆಂಬ್ರೇನ್ ನೂರಕ್ಕೆ ತೊಂಬತ್ತೈದು ಪಾಲಿನಷ್ಟು ಲವಣ ತಡೆಯುತ್ತದೆ, ಉಳಿದದ್ದನ್ನು ರೆಸಿನ್ ಹಿಡಿದುಕೊಳ್ಳುತ್ತದೆ. ಲೆಕ್ಕ ಹಾಕಿ: ಬೋರ್ ನೀರಿನ ಟಿಡಿಎಸ್ 900 ಇದ್ದರೆ ಮೆಂಬ್ರೇನ್ ದಾಟಿ 45 ಬರುತ್ತದೆ, ಹೊಳೆ ನೀರು 200 ಇದ್ದರೆ 10. ಅಂದರೆ ಬೋರ್ ನೀರಿಗೆ ರೆಸಿನ್ ನಾಲ್ಕು ಪಟ್ಟಿಗೂ ಹೆಚ್ಚು ಬೇಗ ಮುಗಿಯುತ್ತದೆ. ಆದ್ದರಿಂದ ನಲ್ಲಿ ನೀರು ಬಿಟ್ಟ ದಿನವೇ ಆರ್‌ಒ ಓಡಿಸಿ, ಮುಚ್ಚಳವಿರುವ ಡ್ರಮ್ಮಿನಲ್ಲಿ ತುಂಬಿಸಿಟ್ಟುಕೊಳ್ಳಿ. ಮಳೆಗಾಲದಲ್ಲಿ ಕೆಂಪು ನೀರು ಬಂದಾಗ ಸೆಡಿಮೆಂಟ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಒಂದೆರಡು ಹೆಚ್ಚಿಗೆ ಇಟ್ಟುಕೊಳ್ಳಿ. ಮನೆಯ ನೆಲದಡಿಯ ಸಂಪಿನಿಂದ ಎಳೆದು ಓವರ್‌ಹೆಡ್ ಟ್ಯಾಂಕಿಗೆ ಹಾಕುವ ಮನೆಗಳಲ್ಲಿ ಒತ್ತಡ ಸಾಲದು, ಬೂಸ್ಟರ್ ಪಂಪ್ ಬೇಕು. ವ್ಯರ್ಥವಾಗಿ ಹರಿಯುವ ನೀರನ್ನು ಬಕೆಟ್ಟಿಗೆ ಹಿಡಿದರೆ ನೆಲ ಒರೆಸಲು, ಗಾಡಿ ತೊಳೆಯಲು ಆಗುತ್ತದೆ.

ಕೈಯಲ್ಲಿ ಟಿಡಿಎಸ್ ಮೀಟರ್ ಇರಲಿ. 0 ತೋರಿಸಬೇಕು. 3 ತೋರಿಸಿದ ದಿನ ರೆಸಿನ್ ಬದಲಿಸಿ.

ಸೆಕೆ

ರೀಫ್ ಟ್ಯಾಂಕಿಗೆ 25ರಿಂದ 26 ಡಿಗ್ರಿ ಸೆಲ್ಸಿಯಸ್ ಹಿತ. 28 ತಡೆಯುತ್ತದೆ. 30 ದಾಟಿತೆಂದರೆ ಹವಳದ ಮೈಯೊಳಗಿರುವ ಪಾಚಿಕಣಗಳು ಹೊರಬೀಳತೊಡಗುತ್ತವೆ, ನೀರಿನಲ್ಲಿ ಕರಗಿರುವ ಆಮ್ಲಜನಕವೂ ಇಳಿಯುತ್ತದೆ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಹೊರಗೆ 38 ದಾಟುವ ದಿನಗಳಿವೆ, ಮನೆಯೊಳಗೆ 33, 34. ಅದರ ಮೇಲೆ ಪಂಪು, ಲೈಟುಗಳ ಬಿಸಿ.

ಒಂದು ವಿಷಯ ನಮ್ಮ ಪರವಾಗಿದೆ: ಬಯಲುಸೀಮೆಯ ಒಣಗಾಳಿ. ಮಂಗಳೂರಿನವರಿಗೆ ಈ ಭಾಗ್ಯವಿಲ್ಲ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 580 ಕಿಲೋಕ್ಯಾಲರಿ ಶಾಖ ಹೊತ್ತೊಯ್ಯುತ್ತದೆ, ಅಂದರೆ 200 ಲೀಟರ್ ನೀರನ್ನು ಹತ್ತಿರ ಹತ್ತಿರ ಮೂರು ಡಿಗ್ರಿ ತಣಿಸುವಷ್ಟು. ನೀರಿನ ಮೇಲ್ಮೈಗೆ ಓರೆಯಾಗಿ ಎರಡು ಸಣ್ಣ ಫ್ಯಾನ್, ಸಂಪಿನ ಮೇಲೆ ಇನ್ನೊಂದು, ಇವನ್ನು 26.5ಕ್ಕೆ ಶುರುವಾಗುವಂತೆ ಟೆಂಪರೇಚರ್ ಕಂಟ್ರೋಲರಿಗೆ ಜೋಡಿಸಿದರೆ ಫೆಬ್ರವರಿ, ಮಾರ್ಚ್ ಮೊದಲರ್ಧ ದಾಟುತ್ತದೆ. ಅಲ್ಲಿಂದ ಮೇ ಕೊನೆಯವರೆಗೆ ಚಿಲ್ಲರ್ ಬೇಕೇ ಬೇಕು. ಈ ಅಳತೆಗೆ ಕಾಲು ಎಚ್‌ಪಿಯದು ತಗೊಳ್ಳಿ, ಪೆಟ್ಟಿಗೆಯ ಮೇಲೆ ಬರೆದಿರುವ ಲೀಟರ್ ಲೆಕ್ಕ ತಂಪು ದೇಶದವರಿಗೆ. ಚಿಲ್ಲರನ್ನು ಸ್ಟ್ಯಾಂಡಿನ ಕಪಾಟಿನೊಳಗೆ ಬಚ್ಚಿಟ್ಟರೆ ತಾನು ಬಿಟ್ಟ ಬಿಸಿಗಾಳಿಯನ್ನೇ ತಾನು ಕುಡಿದು ಸೋಲುತ್ತದೆ. ಹೊರಗಿಡಿ, ಸಾಧ್ಯವಾದರೆ ಪೈಪ್ ಎಳೆದು ಯುಟಿಲಿಟಿಯಲ್ಲಿಡಿ. ದಿನಕ್ಕೆ ಎಂಟು ಗಂಟೆ ಓಡಿದರೆ 250 ವಾಟಿನದು ಎರಡು ಯೂನಿಟ್ ತಿನ್ನುತ್ತದೆ. ಮಲಗುವ ಕೋಣೆಯಲ್ಲಿ ಎಸಿ ಇರುವವರು ಟ್ಯಾಂಕನ್ನು ಅಲ್ಲೇ ಇಡುವುದುಂಟು; ಹಗಲಿಡೀ ಎಸಿ ಓಡಿಸುವ ಲೆಕ್ಕ ಹಾಕಿದರೆ ಚಿಲ್ಲರೇ ಅಗ್ಗ.

ಫ್ಯಾನ್ ಹಾಕಿದ ಮೇಲೆ ದಿನಕ್ಕೆ ಮೂರು ನಾಲ್ಕು ಲೀಟರ್ ಆವಿಯಾಗುವುದು ಮಾಮೂಲು. ಹೋಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟಕ್ಕೆ ಸಿಹಿ ಆರ್‌ಒ ನೀರೇ ಸೇರಿಸಬೇಕು, ಉಪ್ಪು ನೀರಲ್ಲ. ಈ ಕೆಲಸವನ್ನು ತಾನಾಗಿ ಮಾಡುವ ಎಟಿಒ ಸೆನ್ಸರ್ ಒಂದು ಹಾಕಿಬಿಡಿ. ಇಲ್ಲಿ ಅದು ಐಷಾರಾಮಿ ವಸ್ತುವಲ್ಲ.

ಕರೆಂಟು

ಬೆಸ್ಕಾಂ ಕರೆಂಟು ಹೋದಾಗ ಮೀನು ಸಾಯುವುದು ಕತ್ತಲಿಗಲ್ಲ, ಉಸಿರು ಕಟ್ಟಿ. ನೀರು ಕದಡುವುದು ನಿಂತ ಕೂಡಲೇ ಮೇಲಿನ ಗಾಳಿ ಕೆಳಗಿಳಿಯುವುದಿಲ್ಲ. ಮನೆಯ ಇನ್ವರ್ಟರಿಗೆ ಅಲೆ ಎಬ್ಬಿಸುವ ವೇವ್‌ಮೇಕರ್ ಮತ್ತು ಸಂಪಿನ ನೀರನ್ನು ಮೇಲಕ್ಕೆ ಕಳಿಸುವ ರಿಟರ್ನ್ ಪಂಪ್ ಎರಡನ್ನೇ ಕೊಡಿ, ಎರಡೂ ಸೇರಿ 40 ವಾಟ್. 150 ಆಂಪಿಯರ್-ಅವರ್‌ನ ಬ್ಯಾಟರಿ ಒಂದಿದ್ದರೆ ಹದಿನೈದು ಇಪ್ಪತ್ತು ಗಂಟೆ ಚಿಂತೆಯಿಲ್ಲ. ಚಿಲ್ಲರ್, ಲೈಟು ಅದಕ್ಕೆ ಕೊಡಬೇಡಿ. ಬ್ಯಾಟರಿಯ ಏರ್ ಪಂಪೊಂದು ಕಪಾಟಿನಲ್ಲಿರಲಿ.

ಕರೆಂಟು ಹೋದಾಗ ಇನ್ನೊಂದು ಆಗುತ್ತದೆ: ಮೇಲಿನ ಟ್ಯಾಂಕಿನ ನೀರು ಪೈಪಿನ ಮೂಲಕ ಹಿಂದಕ್ಕೆ ಸಂಪಿಗೆ ಇಳಿಯುತ್ತದೆ. ಸಂಪು ಚಿಕ್ಕದಿದ್ದರೆ ಹಾಲಿನ ತುಂಬ ಉಪ್ಪು ನೀರು. ರಿಟರ್ನ್ ಪೈಪಿನಲ್ಲಿ ನೀರಿನ ಮಟ್ಟದ ಸ್ವಲ್ಪವೇ ಕೆಳಗೆ ಸಣ್ಣ ತೂತು ಕೊರೆಯಿರಿ, ಮಟ್ಟ ಅಲ್ಲಿಗಿಳಿದ ಕೂಡಲೇ ಗಾಳಿ ಎಳೆದುಕೊಂಡು ಹರಿವು ನಿಲ್ಲುತ್ತದೆ. ಆಮೇಲೆ ಮೀಟರಿನ ಸ್ವಿಚ್ ಇಳಿಸಿ ನಿಂತು ನೋಡಿ. ಸಂಪು ತುಂಬಿ ಎಲ್ಲಿಗೆ ನಿಂತಿತೋ ಅಲ್ಲಿಂದ ಲೆಕ್ಕ ಹಾಕಿ, ಪಂಪು ಓಡುವಾಗ ಸಂಪಿನಲ್ಲಿ ಎಲ್ಲಿವರೆಗೆ ನೀರಿರಬೇಕು ಅಂತ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಇದೆಲ್ಲ ಮಾಮೂಲಿ ನೀರಲ್ಲೇ ಆಗಿಬಿಡಬೇಕು, ಉಪ್ಪು ಹಾಕುವ ಮೊದಲು.

ಪ್ಲಗ್ಗಿನ ವೈರುಗಳು ಬೋರ್ಡಿಗಿಂತ ಕೆಳಗೆ ಜೋತು ಬಂದು ಮೇಲೇರುವ ಹಾಗಿರಲಿ, ಹನಿ ಜಾರಿ ಬಂದರೂ ನೆಲಕ್ಕೆ ಬೀಳುತ್ತದೆ. ಎಲೆಕ್ಟ್ರೀಷಿಯನ್ನಿಗೆ ಹೇಳಿ ಆ ಲೈನಿಗೆ, ಕರೆಂಟು ಸೋರಿದರೆ ತಾನೇ ಆಫ್ ಆಗುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಉಪ್ಪು ನೀರಿಗೆ ಕೈ ಹಾಕುವ ಕೆಲಸ, ಇದರಲ್ಲಿ ಚೌಕಾಸಿ ಇಲ್ಲ.

ಕಲ್ಲು, ಮರಳು, ಉಪ್ಪು

ಲೈವ್ ರಾಕ್ ಹೆಸರಲ್ಲಿ ಮಾರುವುದು ಹೆಚ್ಚಾಗಿ ಸತ್ತ ಹವಳದ ದಿಮ್ಮಿ, ಕಾನೂನಿನ ಮಾತು ಆಗಲೇ ಆಯಿತು. ಸೆರಾಮಿಕ್‌ನಲ್ಲಿ ಮಾಡಿದ ರೀಫ್ ಕಲ್ಲು ಸಿಗುತ್ತದೆ, ಒಳಗೆಲ್ಲ ರಂಧ್ರ, ಬ್ಯಾಕ್ಟೀರಿಯಾ ಕೂರಲು ಜಾಗ ಬೇಕಾದಷ್ಟು. ಚಿತ್ರದುರ್ಗದ ಬೆಟ್ಟದ ಕಲ್ಲು ನೋಡಲು ಚಂದ, ಆದರೆ ಗ್ರಾನೈಟಿಗೆ ರಂಧ್ರವಿಲ್ಲ, ಸುಮ್ಮನೆ ಜಾಗ ತಿನ್ನುತ್ತದೆ. ಕಬ್ಬಿಣದ ಅದಿರು ಬೆರೆತ ಕೆಂಪು ಕಲ್ಲಂತೂ ಬೇಡವೇ ಬೇಡ. ಕಲ್ಲನ್ನು ಮರಳಿನ ಮೇಲಲ್ಲ, ಬರಿ ಗಾಜಿನ ಮೇಲೆ ಕೂರಿಸಿ ಎಪಾಕ್ಸಿ ಪುಟ್ಟಿಯಿಂದ ಬಿಗಿಮಾಡಿ. ಮರಳು ತೋಡುವ ಮೀನು ಬಂದಾಗ ಗೋಪುರ ಉರುಳುವುದು ತಪ್ಪುತ್ತದೆ. ಹಿಂದಿನ ಗಾಜಿಗೆ ಅಂಟಿಸದೆ ಬ್ರಷ್ ಹೋಗುವಷ್ಟು ಜಾಗ ಬಿಡಿ. ಮರಳು ಸುಣ್ಣದಂಶದ ಅರಗೊನೈಟ್ ಆಗಿರಲಿ, ಒಂದು ಇಂಚು ಸಾಕು. ಹೊಳೆ ಮರಳಿನಲ್ಲಿ ಸಿಲಿಕ ಜಾಸ್ತಿ, ಸುಣ್ಣದಂಶವಿಲ್ಲ.

ಉಪ್ಪಿನ ಬಗ್ಗೆ: ಅಡುಗೆ ಉಪ್ಪು, ಕಲ್ಲುಪ್ಪು ಎರಡೂ ಬರೀ ಸೋಡಿಯಂ ಕ್ಲೋರೈಡ್. ಸಮುದ್ರದ ನೀರಿಗೆ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಷಿಯಂ, ಬೈಕಾರ್ಬೊನೇಟ್ ಎಲ್ಲ ಬೇಕು. ರೆಡ್ ಸೀ, ಟ್ರಾಪಿಕ್ ಮರೀನ್ ಥರದ ರೀಫ್ ಉಪ್ಪು ತಗೊಳ್ಳಿ. ಲೀಟರಿಗೆ 36ರಿಂದ 38 ಗ್ರಾಂ, 200 ಲೀಟರಿಗೆ ಏಳೂವರೆ ಕೆಜಿ ಹತ್ತಿರ. ನೀರಿಗೆ ಉಪ್ಪು ಹಾಕಬೇಕು, ಉಪ್ಪಿಗೆ ನೀರಲ್ಲ. ಪಂಪು ತಿರುಗುತ್ತಿರುವಾಗ ಸ್ವಲ್ಪ ಸ್ವಲ್ಪವೇ ಉದುರಿಸಿ, ಒಂದು ರಾತ್ರಿ ತಿರುಗಲು ಬಿಡಿ. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೊಮೀಟರಿನಲ್ಲಿ 35 ಪಿಪಿಟಿ (ಸಾವಿರಕ್ಕೆ 35 ಪಾಲು), ಅಂದರೆ ಸಾಂದ್ರತೆಯ ಲೆಕ್ಕದಲ್ಲಿ 1.026 ಬರಬೇಕು. ಆ ಉಪಕರಣವನ್ನು ಬರೀ ನೀರಲ್ಲಿ ಸೊನ್ನೆಗೆ ತಂದರೆ ಸಾಲದು, 35 ಪಿಪಿಟಿಯ ಕ್ಯಾಲಿಬ್ರೇಶನ್ ದ್ರವದಲ್ಲಿ ಹೊಂದಿಸಿ. ಮುಳ್ಳು ತೂಗುವ ಪ್ಲಾಸ್ಟಿಕ್ ಹೈಡ್ರೊಮೀಟರಿನ ಮೇಲೆ ನನಗೆ ನಂಬಿಕೆಯಿಲ್ಲ.

ಸೈಕಲ್: ಖಾಲಿ ಟ್ಯಾಂಕು ನೋಡುತ್ತಾ ಕೂರುವ ತಿಂಗಳು

ಮೀನಿನ ಹೇಲು, ಉಳಿದ ಆಹಾರ ಕೊಳೆತರೆ ಅಮೋನಿಯಾ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತವೆ. ಈ ಎರಡೂ ಗುಂಪು ಕಲ್ಲಿನಲ್ಲಿ ನೆಲೆಯೂರುವವರೆಗೆ, ಅಂದರೆ ಸೈಕಲ್ ಮುಗಿಯುವವರೆಗೆ ಮೀನು ತರುವ ಹಾಗಿಲ್ಲ. ಅಮೋನಿಯಂ ಕ್ಲೋರೈಡ್ 200 ಲೀಟರಿಗೆ ಒಂದೂಕಾಲು ಗ್ರಾಂ ಹಾಕಿದರೆ ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಆಗುತ್ತದೆ. ಕಲಾಯಿ ಹಾಕುವವರ ಹತ್ತಿರ ಇರುವ ನವಸಾಗರವೂ ಅದೇ ವಸ್ತು, ಆದರೆ ಅದರಲ್ಲಿ ಲೋಹದ ಕಸ ಇರಬಹುದು, ಲ್ಯಾಬ್ ಸಾಮಾನಿನ ಅಂಗಡಿಯಿಂದ ಶುದ್ಧವಾದದ್ದು ತನ್ನಿ. ಜೊತೆಗೆ ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ಸುರಿಯಿರಿ. ಲೈಟು ಆರಿಸಿ, ಸ್ಕಿಮ್ಮರ್ ನಿಲ್ಲಿಸಿ, ಪಂಪು ಮಾತ್ರ ಓಡಲಿ.

ಎರಡು ದಿನಕ್ಕೊಮ್ಮೆ ಟೆಸ್ಟ್ ಕಿಟ್ಟಿನಲ್ಲಿ ನೋಡಿ ಬರೆದಿಡಿ. ಅಮೋನಿಯಾ ಇಳಿದು ನೈಟ್ರೈಟ್ ಏರುತ್ತದೆ, ಆಮೇಲೆ ಅದೂ ಇಳಿಯುತ್ತದೆ. ನಾಲ್ಕರಿಂದ ಆರು ವಾರ. ಮತ್ತೆ 2 ಪಿಪಿಎಂ ಹಾಕಿದ ಅಮೋನಿಯಾ ಒಂದು ದಿನದೊಳಗೆ ಸೊನ್ನೆಯಾಗಿ, ನೈಟ್ರೈಟೂ ಸೊನ್ನೆ ಬಂದರೆ ಸೈಕಲ್ ಮುಗಿಯಿತು. ಅರ್ಧದಷ್ಟು ನೀರು ಬದಲಿಸಿ. ಹೊತ್ತು ನೋಡಿದರೆ ಗಣೇಶನ ಹಬ್ಬದ ಆಸುಪಾಸು ಇರುತ್ತದೆ.

ಈಗ ಲೈಟು ಹಚ್ಚಿದರೆ ಕಲ್ಲೆಲ್ಲ ಕಂದು ಬಣ್ಣದ ಲೋಳೆ, ಆಮೇಲೆ ಹಸಿರು ಪಾಚಿ. ಮನೆಗೆ ಬಂದವರು "ಇಷ್ಟು ದುಡ್ಡು ಹಾಕಿ ಇದೇನ್ರೀ ಕೊಚ್ಚೆ" ಅನ್ನುತ್ತಾರೆ. ಅನ್ನಲಿ. ಇದು ಎಲ್ಲ ಹೊಸ ಟ್ಯಾಂಕಿಗೂ ಬರುವುದೇ, ಔಷಧಿ ಹಾಕಬೇಡಿ. ಸೆರಿತ್, ನಾಸೇರಿಯಸ್ ಬಸವನಹುಳುಗಳು ಹತ್ತು ಹದಿನೈದು, ನಾಲ್ಕೈದು ಸಣ್ಣ ಸನ್ಯಾಸಿ ಏಡಿ ಬಿಟ್ಟರೆ ಮೇಯುತ್ತವೆ. ಶಂಖದ ಜಾತಿಯಲ್ಲೂ ಕೆಲವು ಕಾಯ್ದೆಯ ಪಟ್ಟಿಯಲ್ಲಿವೆ, ಹೆಸರು ಕೇಳದೆ ಕೊಳ್ಳಬೇಡಿ. ಪಾಚಿ ಓಡಿಸುವ ಹುಮ್ಮಸ್ಸಿನಲ್ಲಿ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಪೂರ್ತಿ ಸೊನ್ನೆಗೆ ಇಳಿಸಿದರೆ ಡೈನೊಫ್ಲಾಜೆಲೇಟ್ ಎಂಬ ಇನ್ನೂ ಕೆಟ್ಟ ಲೋಳೆ ಬರುತ್ತದೆ. ನೈಟ್ರೇಟ್ 5 ಪಿಪಿಎಂ ಸುತ್ತ, ಫಾಸ್ಫೇಟ್ 0.05 ಪಿಪಿಎಂ ಸುತ್ತ ಇರಲಿ.

ದಸರಾಕ್ಕೆ ಮೀನು

ಸಮುದ್ರದ ಮೀನು ಕೊಳ್ಳಲು ಬಹುಮಟ್ಟಿಗೆ ಬೆಂಗಳೂರಿಗೇ ಹೋಗಬೇಕು. ಮೀನನ್ನು ಬಸ್ಸಿನ ಡಿಕ್ಕಿಯಲ್ಲಿ ಇಡಬೇಡಿ. ಬೆಳಗ್ಗೆ ಹೋಗಿ, ಆಕ್ಸಿಜನ್ ತುಂಬಿಸಿದ ಕವರನ್ನು ಥರ್ಮೊಕೋಲ್ ಪೆಟ್ಟಿಗೆಯಲ್ಲಿಟ್ಟು ಸಂಜೆಯ ರೈಲಿನಲ್ಲಿ ತೊಡೆಯ ಮೇಲೆ ತರುವುದು ಒಳ್ಳೆಯದು. ಹೋಗುವ ಹಿಂದಿನ ದಿನ ಅಂಗಡಿಗೆ ಫೋನ್ ಮಾಡಿ ಅವರ ನೀರಿನ ಉಪ್ಪಿನಂಶ ಕೇಳಿ. ಖರ್ಚು ಉಳಿಸಲು 1.020ರಲ್ಲಿ ಇಡುವವರಿದ್ದಾರೆ. ಕ್ವಾರಂಟೈನ್ ಟ್ಯಾಂಕಿನ ನೀರನ್ನು ಅದೇ ಅಂಕಿಗೆ ತಯಾರಿಟ್ಟು ಹೋಗಿ.

ಕಾರಣ ಇದು. ಐದಾರು ಗಂಟೆ ಮುಚ್ಚಿದ ಕವರಿನಲ್ಲಿ ಮೀನು ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಪಿಎಚ್ ಇಳಿದಿರುತ್ತದೆ. ಆ ಇಳಿದ ಪಿಎಚ್‌ನಲ್ಲಿ ಮೀನಿನ ಅಮೋನಿಯಾ ಹೆಚ್ಚು ಕಾಟ ಕೊಡದ ಅಮೋನಿಯಂ ರೂಪದಲ್ಲಿರುತ್ತದೆ. ಕವರ್ ಬಿಚ್ಚಿದ ಕೂಡಲೇ ಅನಿಲ ಹೊರಹೋಗಿ ಪಿಎಚ್ ಏರುತ್ತದೆ, ಅಮೋನಿಯಂ ವಿಷವಾಗುತ್ತದೆ. ಅಂಥ ನೀರಿನಲ್ಲಿ ಒಂದು ಗಂಟೆ ಹನಿ ಹನಿ ನೀರು ಬಿಡುತ್ತಾ ಕೂತರೆ ಮೀನನ್ನು ವಿಷದಲ್ಲಿ ನೆನೆಸಿದ ಹಾಗಾಯಿತು. ಮುಚ್ಚಿದ ಕವರನ್ನೇ ಇಪ್ಪತ್ತು ನಿಮಿಷ ತೇಲಿಸಿ ಉಷ್ಣತೆ ಹೊಂದಿಸಿ, ಬಿಚ್ಚಿ, ಮೀನನ್ನು ಮಾತ್ರ ಎತ್ತಿ ಬಿಡಿ. ಕವರಿನ ನೀರು ಚರಂಡಿಗೆ. ಒಂದು ವಾರದಲ್ಲಿ ಉಪ್ಪಿನಂಶವನ್ನು ನಿಧಾನವಾಗಿ 1.026ಕ್ಕೆ ಏರಿಸಿ.

ಕ್ವಾರಂಟೈನ್ ಎಂದರೆ ಎರಡಡಿಯ ಬರಿ ಟ್ಯಾಂಕು, ಸ್ಪಂಜ್ ಫಿಲ್ಟರ್, ಅಡಗಲು ಪಿವಿಸಿ ಪೈಪಿನ ತುಂಡು, ನಾಲ್ಕರಿಂದ ಆರು ವಾರ. ಬಿಳಿ ಚುಕ್ಕೆ ರೋಗದ ತಾಮ್ರದ ಔಷಧಿ ಅಲ್ಲಿ ಮಾತ್ರ. ಈ ಹಂತ ತಪ್ಪಿಸಿ ದೊಡ್ಡ ಟ್ಯಾಂಕಿಗೆ ರೋಗ ಬಂದರೆ ಎಲ್ಲ ಮೀನು ಹಿಡಿದು ಹೊರತೆಗೆದು ಎರಡೂವರೆ ತಿಂಗಳು ಟ್ಯಾಂಕನ್ನು ಮೀನಿಲ್ಲದೆ ಬಿಡಬೇಕಾಗುತ್ತದೆ.

ಮೊದಲು ಕ್ಲೌನ್ ಮೀನಿನ ಜೋಡಿ, ಮರಿ ಮಾಡಿಸಿ ಬೆಳೆಸಿದ್ದೇ ಆಗಲಿ. ಇವನ್ನು ಮರಿ ಮಾಡಿಸುವ ತಂತ್ರ ನಮ್ಮಲ್ಲೇ ಇದೆ, ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು, ಪರಂಗಿಪೇಟೆಯಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದವರು ಇದರಲ್ಲಿ ಕೆಲಸ ಮಾಡಿದ್ದಾರೆ. ಎರಡು ಮರಿ ತಂದರೆ ಸಾಕು, ಗಂಡು ಹೆಣ್ಣು ನೋಡಬೇಕಾಗಿಲ್ಲ: ಎಲ್ಲವೂ ಮೊದಲು ಗಂಡೇ, ಜೋರಿರುವುದು ಹೆಣ್ಣಾಗುತ್ತದೆ. ಆಮೇಲೆ ತಿಂಗಳಿಗೊಂದರಂತೆ ಫೈರ್‌ಫಿಶ್, ರಾಯಲ್ ಗ್ರಾಮ, ವಾಚ್‌ಮನ್ ಗೋಬಿ, ಒಂದು ಕ್ಲೀನರ್ ಸೀಗಡಿ. ಒಟ್ಟು ಐದಾರು ಮೀನು, ಅಷ್ಟೇ. ಫೈರ್‌ಫಿಶ್ ಹಾರುತ್ತದೆ, ಮೇಲೆ ಜಾಲರಿ ಇರಲಿ. ನೀಲಿ ಟ್ಯಾಂಗ್ ಬೇಕೆಂದು ಮಕ್ಕಳು ಹಠ ಹಿಡಿಯುತ್ತಾರೆ, ಅದು ಒಂದಡಿ ಬೆಳೆಯುವ ಮೀನು, ಮೂರಡಿಯ ಟ್ಯಾಂಕಿಗಲ್ಲ. ಮ್ಯಾಂಡರಿನ್ ಮೀನು ಕೋಪೆಪಾಡ್ ಎಂಬ ಅತಿ ಸಣ್ಣ ಜೀವಂತ ಜಲಜೀವಿಗಳನ್ನು ಬಿಟ್ಟು ಬೇರೆ ತಿನ್ನುವುದು ಅಪರೂಪ, ಹೊಸ ಟ್ಯಾಂಕಿನಲ್ಲಿ ಉಪವಾಸ ಬಿದ್ದು ಸಾಯುತ್ತದೆ. ಡ್ಯಾಮ್ಸೆಲ್ ಅಗ್ಗ, ಗಟ್ಟಿ, ಮಹಾ ಜಗಳಗಂಟ.

ದೀಪಾವಳಿಗೆ ಹವಳ

ಮಶ್ರೂಮ್ ಮತ್ತು ಕೀನ್ಯಾ ಟ್ರೀಯಿಂದ ಶುರು ಮಾಡಿ, ಆಮೇಲೆ ಲೆದರ್, ಜೋಆಂಥಿಡ್. ಕ್ಸೀನಿಯಾ ಅಂಗೈ ಮುಚ್ಚಿ ತೆರೆದ ಹಾಗೆ ಮಿಡಿಯುತ್ತದೆ, ನೋಡುತ್ತಾ ಕೂತರೆ ಊಟ ಮರೆಯುತ್ತದೆ, ಆದರೆ ಮುಖ್ಯ ಕಲ್ಲಿಗೆ ಅಂಟಿಸಿದರೆ ಆರು ತಿಂಗಳಲ್ಲಿ ಕಲ್ಲೇ ಕಾಣದು. ಅದನ್ನು ಮರಳಿನ ಮಧ್ಯೆ ಒಂಟಿ ಕಲ್ಲಿನ ಮೇಲೆ ಇಡಿ. ಲೆದರ್ ಹವಳಗಳು ನೆರೆಯವರನ್ನು ಹೆದರಿಸಲು ರಾಸಾಯನಿಕ ಬಿಡುತ್ತವೆ, ಸಂಪಿನಲ್ಲಿ ಸ್ವಲ್ಪ ಆಕ್ಟಿವೇಟೆಡ್ ಕಾರ್ಬನ್ ಇದ್ದರೆ ಸಾಕು. ಒಂದೆರಡು ವಾರ ಮುದುಡಿ ಮೇಣದಂಥ ಪೊರೆ ಕಳಚುವುದು ಅವುಗಳ ಸ್ವಭಾವ, ಗಾಬರಿ ಬೇಡ.

ನೀಲಿ ಹೆಚ್ಚಿರುವ ರೀಫ್ ಎಲ್‌ಇಡಿಯನ್ನು ಮೊದಲು 30 ಶೇಕಡಕ್ಕೆ ಇಟ್ಟು ತಿಂಗಳಲ್ಲಿ 60ಕ್ಕೆ ಏರಿಸಿ, ದಿನಕ್ಕೆ ಎಂಟು ಗಂಟೆ ಧಾರಾಳ.

ಜೋಆಂಥಿಡ್ ಬಗ್ಗೆ ಎಚ್ಚರ. ಇವುಗಳ ಕೆಲವು ಜಾತಿಯಲ್ಲಿ, ಅದರಲ್ಲೂ ಪ್ಯಾಲಿಥೋವಾದಲ್ಲಿ, ಪ್ಯಾಲಿಟಾಕ್ಸಿನ್ ಎಂಬ ಭಯಂಕರ ವಿಷವಿದೆ. ಮುಟ್ಟುವಾಗ ಗ್ಲೌಸ್, ಕತ್ತರಿಸುವಾಗ ಕನ್ನಡಕವೂ ಬೇಕು. ಕಲ್ಲಿನ ಮೇಲೆ ಅತಿಯಾಗಿ ಬೆಳೆದವೆಂದು ಕಲ್ಲನ್ನು ಬಿಸಿನೀರಿನಲ್ಲಿ ಕುದಿಸುವುದು, ಬ್ರಷ್ ಹಾಕಿ ಉಜ್ಜುವುದು ಯಾವತ್ತೂ ಕೂಡದು. ಆ ಹಬೆ ಕುಡಿದರೆ ಇಡೀ ಮನೆಯವರು ಆಸ್ಪತ್ರೆ ಸೇರಬೇಕಾಗುತ್ತದೆ. ಅಡುಗೆಮನೆಯ ಸಿಂಕು, ಚಾಕು ಈ ಕೆಲಸಕ್ಕೆ ಬೇಡ.

ವಾರದ ಕೆಲಸ, ಬೇಸಿಗೆ, ಊರಿಗೆ ಹೋಗುವುದು

ಭಾನುವಾರ 20 ಲೀಟರ್ ನೀರು ಬದಲಿಸಿ. ಆಲ್ಕಲಿನಿಟಿ 8ರಿಂದ 9 ಡಿಕೆಎಚ್ (ಟೆಸ್ಟ್ ಕಿಟ್ಟಿನಲ್ಲಿ ಅದರ ಮಾನ), ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ಮೆಗ್ನೀಷಿಯಂ 1,300 ಪಿಪಿಎಂ ಸುತ್ತ ಇರಬೇಕು. ಮೆತ್ತನೆಯ ಹವಳದ ಟ್ಯಾಂಕಿನಲ್ಲಿ ಈ ನೀರು ಬದಲಾವಣೆಯೇ ಅದನ್ನೆಲ್ಲ ಕಾಯುತ್ತದೆ, ಬೇರೆ ಬಾಟಲಿ ಕೊಳ್ಳಬೇಡಿ. ಊಟ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು.

ಸಂಕ್ರಾಂತಿಯ ನಂತರ ಹೊಸ ಜೀವ ತರಬೇಡಿ. ಫೆಬ್ರವರಿಯಲ್ಲಿ ಚಿಲ್ಲರಿನ ಫಿಲ್ಟರ್ ಜಾಲರಿಯ ಧೂಳು ಬಿಡಿಸಿ ಒಂದು ದಿನ ಓಡಿಸಿ ನೋಡಿ, ಕೆಟ್ಟಿದ್ದರೆ ರಿಪೇರಿಗೆ ಸಮಯವಿರುತ್ತದೆ. ಫ್ರೀಜರಿನಲ್ಲಿ ಆರ್‌ಒ ನೀರು ತುಂಬಿಸಿ ಮುಚ್ಚಳ ಬಿಗಿದ ನಾಲ್ಕೈದು ಬಾಟಲಿ ಇರಲಿ. ಚಿಲ್ಲರ್ ಕೈಕೊಟ್ಟ ಮಧ್ಯಾಹ್ನ ಒಂದೊಂದಾಗಿ ಸಂಪಿನಲ್ಲಿ ತೇಲಿಸಿ ಗಂಟೆಗೆ ಅರ್ಧ ಡಿಗ್ರಿಯಂತೆ ಇಳಿಸಿ, ಒಮ್ಮೆಲೇ ಅಲ್ಲ.

ಜಾತ್ರೆಗೋ ಮದುವೆಗೋ ಊರಿಗೆ ಹೋಗುವಾಗ ಎಟಿಒ ಡ್ರಮ್ಮು ಪೂರ್ತಿ ತುಂಬಿಸಿ. ಪಕ್ಕದ ಮನೆಯ ಹುಡುಗನಿಗೆ ಬೀಗದ ಕೈ ಕೊಡುವುದಾದರೆ ಆಹಾರದ ಡಬ್ಬಿ ಕೊಡಬೇಡಿ, ಪ್ರೀತಿಗೆ ಅರ್ಧ ಡಬ್ಬಿ ಸುರಿದುಬಿಡುತ್ತಾನೆ. ಒಂದೊಂದು ದಿನದ್ದು ಒಂದೊಂದು ಪೊಟ್ಟಣ ಕಟ್ಟಿ, ದಿನದ ಹೆಸರು ಬರೆದು ಕೊಡಿ. ಮೂರು ದಿನದ ಒಳಗಾದರೆ ಅದೂ ಬೇಡ, ಮೀನು ಹಸಿದಿರಬಲ್ಲದು. ಅವನು ನೋಡಬೇಕಾದದ್ದು ಎರಡೇ: ಥರ್ಮಾಮೀಟರಿನ ಅಂಕಿ, ಸಂಪಿನಲ್ಲಿ ನೀವು ಎಳೆದ ಮಾರ್ಕರ್ ಗೆರೆ. ಅಂಕಿ 29 ದಾಟಿದರೆ, ಅಥವಾ ನೀರು ಗೆರೆಗಿಂತ ಎರಡು ಬೆರಳು ಕೆಳಗಿದ್ದರೆ, ಫೋಟೊ ತೆಗೆದು ನಿಮಗೆ ಕಳಿಸಲು ಹೇಳಿ.